ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಡೋದು ಯಾಕೆ? ಪಾಪೆ ಹೇಳುತ್ತೆ ಮಿದುಳಿನ ಸುದ್ದಿ

ನಂಜನಗೂಡು/ತಿ.ನರಸೀಪುರ: ಬೈಕಿನಿಂದ ಬಿದ್ದವರನ್ನು ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತೀರಿ. ಡ್ಯೂಟಿ ಡಾಕ್ಟರ್ ಬರುತ್ತಾರೆ, ನಾಡಿ ಹಿಡಿಯುತ್ತಾರೆ, ಆಮೇಲೆ ರೆಪ್ಪೆ ಎತ್ತಿ ಎರಡೂ ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಬೆಳೆಗೆ ಹೊಡೆಯೋ ಔಷಧಿ ಕುಡಿದವರಿಗೂ ಇದೇ, ಹಾವು ಕಚ್ಚಿದವರಿಗೂ ಇದೇ, ಲಕ್ವ ಹೊಡೆದವರಿಗೂ ಇದೇ. ಜೊತೆಯಲ್ಲಿ ಹೋದವರಿಗೆ ಸಿಟ್ಟು ಬರುತ್ತೆ. ‘ಪೆಟ್ಟು ಬಿದ್ದಿರೋದು ತಲೆಗೆ, ಇವರು ಕಣ್ಣು ನೋಡ್ತಾ ನಿಂತವ್ರಲ್ಲ’ ಅಂತ.

ನಿಜ ಹೇಳಬೇಕೆಂದರೆ ಡಾಕ್ಟರ್ ಆಗ ನೋಡುತ್ತಿರುವುದು ಕಣ್ಣನ್ನಲ್ಲ, ಮಿದುಳನ್ನು. ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಅದರ ಆಳದಲ್ಲಿ ಏನಾಗುತ್ತಿದೆ ಎಂದು ಸ್ಕ್ಯಾನ್ ಇಲ್ಲದೆ ಎರಡೇ ಸೆಕೆಂಡಿನಲ್ಲಿ ತಿಳಿಯಲು ಇರುವ ಕಿಂಡಿಗಳು ಬಹಳ ಕಡಿಮೆ. ಅದರಲ್ಲಿ ಮುಖ್ಯವಾದದ್ದು ಕಣ್ಣಿನ ಪಾಪೆ. ಅದು ಹೇಗೆ ಕೆಲಸ ಮಾಡುತ್ತೆ, ನಮ್ಮ ಎರಡು ತಾಲ್ಲೂಕಿನವರು ಯಾಕೆ ತಿಳಿದುಕೊಂಡಿರಬೇಕು ಎನ್ನುವುದು ಈ ಬರಹ.

ಪಾಪೆ ಒಂದು ತೂತು, ಅಷ್ಟೇ

ಪಾಪೆ ಅಂದರೆ ಗೊಂಬೆ. ಎದುರಿಗಿರುವವರ ಕಣ್ಣಿನ ಕಪ್ಪು ಭಾಗದಲ್ಲಿ ನಮ್ಮದೇ ಪುಟ್ಟ ಗೊಂಬೆಯಂಥ ಬಿಂಬ ಕಾಣುತ್ತಲ್ಲ, ಅದಕ್ಕೆ ಆ ಹೆಸರು. ಆದರೆ ಅಲ್ಲಿ ಕಪ್ಪು ಬಣ್ಣದ ವಸ್ತು ಏನೂ ಇಲ್ಲ. ಅದು ಬೆಳಕು ಒಳಗೆ ಹೋಗಲು ಇರುವ ತೂತು. ಸುತ್ತ ಇರುವ ಕಂದು ಬಣ್ಣದ ಉಂಗುರದಲ್ಲಿ ಎರಡು ಬಗೆಯ ಸ್ನಾಯು ಇವೆ. ಒಂದು ಚೀಲದ ಬಾಯಿಗೆ ಕಟ್ಟುವ ಲಾಡಿಯ ಹಾಗೆ ಸುತ್ತಲೂ ಇದ್ದು ತೂತನ್ನು ಬಿಗಿಯುತ್ತೆ. ಇನ್ನೊಂದು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹರಡಿಕೊಂಡು ತೂತನ್ನು ಹೊರಗೆ ಎಳೆಯುತ್ತೆ.

ಅಳತೆಯನ್ನು ದಿನಸಿ ಅಂಗಡಿ ಲೆಕ್ಕದಲ್ಲಿ ಹೇಳಿಬಿಡೋಣ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತರೆ ಪಾಪೆ ಸಾಸಿವೆ ಕಾಳಿನಷ್ಟು, ಸುಮಾರು 2 ಮಿಲಿಮೀಟರ್. ಅಂಗಡಿ ಒಳಗಿನ ಸಾಧಾರಣ ಬೆಳಕಿನಲ್ಲಿ ಹೆಸರುಕಾಳಿನಷ್ಟು, 3ರಿಂದ 4 ಮಿಲಿಮೀಟರ್. ರಾತ್ರಿ ಕರೆಂಟ್ ಹೋಗಿ ಕಗ್ಗತ್ತಲಾದರೆ ವಯಸ್ಸಿನ ಹುಡುಗರಲ್ಲಿ ಒಣ ಬಟಾಣಿಯಷ್ಟು, 7ರಿಂದ 8 ಮಿಲಿಮೀಟರ್. ವಯಸ್ಸಾದಂತೆ ಪಾಪೆ ಕತ್ತಲಲ್ಲೂ ಅಷ್ಟು ಅರಳುವುದಿಲ್ಲ. ಅಜ್ಜಂದಿರಿಗೆ ಮಬ್ಬು ಬೆಳಕಿನಲ್ಲಿ ಸರಿಯಾಗಿ ಕಾಣದಿರಲು ಇದೂ ಒಂದು ಕಾರಣ.

ಮನೆಯಲ್ಲೇ ನೋಡಬಹುದು. ಸಂಜೆ ದೀಪ ಕಡಿಮೆ ಮಾಡಿ ಒಬ್ಬರನ್ನು ಎದುರಿಗೆ ಕೂರಿಸಿ. ದೂರದ ಗೋಡೆ ನೋಡಲು ಹೇಳಿ. ಪಕ್ಕದಿಂದ ಬಲಗಣ್ಣಿಗೆ ಒಂದು ಕ್ಷಣ ಟಾರ್ಚ್ ಬಿಡಿ. ಪಾಪೆ ಸರ್ರನೆ ಕುಗ್ಗುತ್ತೆ. ಈಗ ಎಡಗಣ್ಣು ನೋಡಿ. ಅದಕ್ಕೆ ಬೆಳಕೇ ಬಿದ್ದಿಲ್ಲ, ಆದರೂ ಅದೂ ಕುಗ್ಗಿರುತ್ತೆ! ಒಂದು ಕಣ್ಣಿಗೆ ಬಿಟ್ಟ ಬೆಳಕು ಇನ್ನೊಂದು ಕಣ್ಣಿಗೆ ಹೇಗೆ ಗೊತ್ತಾಯಿತು? ಉತ್ತರ ಮಿದುಳಿನಲ್ಲಿದೆ.

ಕಡಕೊಳದಲ್ಲಿ ಇಳಿದುಬಿಡುವ ಪ್ರಯಾಣಿಕ

ಬೆಳಕು ಪಾಪೆಯ ಮೂಲಕ ಹೋಗಿ ಕಣ್ಣಿನ ಹಿಂಗೋಡೆಯ ರೆಟಿನಾ ಪರದೆ ಮೇಲೆ ಬೀಳುತ್ತೆ. ಅಲ್ಲಿಂದ ಸುದ್ದಿ ಕಣ್ಣಿನ ನರ ಹಿಡಿದು ಮಿದುಳಿಗೆ ಹೊರಡುತ್ತೆ. ಇದನ್ನು ನಂಜನಗೂಡಿನಿಂದ ಮೈಸೂರಿಗೆ ಹೊರಟ ಬಸ್ ಅಂದುಕೊಳ್ಳಿ.

ಬಸ್ಸಿನಲ್ಲಿ ಇರುವ ಬಹುಪಾಲು ಪ್ರಯಾಣಿಕರು ‘ಏನು ಕಾಣುತ್ತಿದೆ’ ಎಂಬ ಚಿತ್ರದ ಸುದ್ದಿ ಹೊತ್ತವರು. ಅವರು ಕೊನೇ ಸ್ಟಾಪಿಗೆ, ಅಂದರೆ ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಕೇಂದ್ರಕ್ಕೆ ಹೋಗಬೇಕು. ಆದರೆ ‘ಬೆಳಕು ಎಷ್ಟಿದೆ’ ಎಂಬ ಸುದ್ದಿ ಹೊತ್ತ ಕೆಲವರು ದಾರಿ ಮಧ್ಯದಲ್ಲೇ, ಕಡಕೊಳದಲ್ಲಿ ಇಳಿದ ಹಾಗೆ ಇಳಿದುಬಿಡುತ್ತಾರೆ. ಆ ಸ್ಟಾಪಿನ ಹೆಸರು ನಡುಮಿದುಳು. ಮಿದುಳು ಮತ್ತು ಬೆನ್ನುಹುರಿ ಸೇರುವ ಕಡೆ ಇರುವ ಕಾಂಡದ ಮೇಲ್ಭಾಗ ಅದು.

ಅದಕ್ಕೂ ಮೊದಲು ಒಂದು ಸಂಗಮ ಇದೆ. ಎರಡೂ ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಕೂಡುತ್ತವೆ. ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡಿದ ಮೇಲೆ ಯಾವ ನೀರು ಯಾವುದು ಅಂತ ಬೇರೆ ಮಾಡಲಾಗದು. ಇಲ್ಲಿ ಹಾಗಲ್ಲ. ಪ್ರತಿ ನರದ ಸುಮಾರು ಅರ್ಧ ಎಳೆಗಳು ಆಚೆ ಬದಿಗೆ ದಾಟುತ್ತವೆ, ಅರ್ಧ ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ನಡುಮಿದುಳಿಗೆ ಬಂದ ಮೇಲೂ ಅಲ್ಲಿನ ಕೇಂದ್ರ ಸುದ್ದಿಯನ್ನು ಎಡ, ಬಲ ಎರಡೂ ಕಡೆಗೆ ಹಂಚುತ್ತೆ. ಒಂದು ಕಣ್ಣಿಗೆ ಟಾರ್ಚ್ ಬಿಟ್ಟರೆ ಎರಡೂ ಪಾಪೆ ಕುಗ್ಗಲು ಇದೇ ಕಾರಣ.

ಇನ್ನು ವಾಪಸ್ ದಾರಿ. ನಡುಮಿದುಳಿನಲ್ಲಿ ಎಡಿಂಜರ್-ವೆಸ್ಟ್‌ಫಾಲ್ ಎಂಬ ಪುಟ್ಟ ನರಕೋಶಗಳ ಗುಂಪಿದೆ, ಪ್ರತಿ ಬದಿಗೊಂದು. ‘ಪಾಪೆ ಬಿಗಿ’ ಎಂಬ ಆರ್ಡರ್ ಹೊರಡುವುದು ಅಲ್ಲಿಂದ. ಅದು ಮೂರನೇ ಮಿದುಳು ನರದ ಮೇಲೆ ಸವಾರಿ ಮಾಡಿ, ಕಣ್ಣುಗುಡ್ಡೆಯ ಹಿಂದೆ ಒಂದು ಕಡೆ ಗಾಡಿ ಬದಲಿಸಿ, ಬಿಗಿಯುವ ಸ್ನಾಯುವಿಗೆ ತಲುಪುತ್ತೆ. ಹೋಗಿ ಬರುವ ಇಷ್ಟೂ ಪ್ರಯಾಣ ಮುಗಿದು ಪಾಪೆ ಅಲುಗಾಡಲು ಶುರುವಾಗುವುದಕ್ಕೆ ಹಿಡಿಯುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು. ನಮ್ಮ ಇಚ್ಛೆ, ಎಚ್ಚರ ಯಾವುದೂ ಬೇಕಿಲ್ಲ. ಪ್ರಜ್ಞೆ ತಪ್ಪಿದವರಲ್ಲೂ ಇದು ನಡೆಯುತ್ತೆ. ಅದಕ್ಕೇ ಡಾಕ್ಟರಿಗೆ ಇಷ್ಟು ಉಪಯೋಗ.

ಪಾಪೆ ಹಿಗ್ಗಿಸುವ ಆರ್ಡರ್ ಬೇರೆ ದಾರಿಯಲ್ಲಿ ಬರುತ್ತೆ, ಅದು ಭಾರಿ ಸುತ್ತು ದಾರಿ. ಮಿದುಳಿನಿಂದ ಕೆಳಗಿಳಿದು, ಬೆನ್ನುಹುರಿಯಲ್ಲಿ ಎದೆಯ ಮಟ್ಟಕ್ಕೆ ಬಂದು, ಶ್ವಾಸಕೋಶದ ತುದಿಯ ಮೇಲೆ ಹಾದು, ಕತ್ತಿನ ರಕ್ತನಾಳದ ಜೊತೆ ಮತ್ತೆ ಮೇಲೆ ಹತ್ತಿ ಕಣ್ಣು ಸೇರುತ್ತೆ. ಹೆದರಿದಾಗ, ಸಿಟ್ಟು ಬಂದಾಗ ಪಾಪೆ ಅರಳುವುದು ಈ ದಾರಿಯಿಂದ. ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದವರಲ್ಲಿ ಒಂದು ರೆಪ್ಪೆ ಸ್ವಲ್ಪ ಜೋತು, ಅದೇ ಬದಿಯ ಪಾಪೆ ಚಿಕ್ಕದಾಗಿದ್ದರೆ ಡಾಕ್ಟರು ಎದೆಯ ಸ್ಕ್ಯಾನ್ ಬರೆಯುತ್ತಾರೆ. ಕಣ್ಣು ತೋರಿಸಲು ಹೋದರೆ ಎದೆ ಯಾಕೆ ಎಂದು ಕೇಳಬೇಡಿ. ಶ್ವಾಸಕೋಶದ ತುದಿಯ ಗಡ್ಡೆ ಆ ನರವನ್ನು ಒತ್ತುತ್ತಿರಬಹುದು.

ತಲೆಗೆ ಪೆಟ್ಟು: ಒಂದು ಪಾಪೆ ದೊಡ್ಡದಾದರೆ

ನಂಜನಗೂಡು, ತಿ.ನರಸೀಪುರ ಎರಡೂ ಒಂದೇ ರಾಷ್ಟ್ರೀಯ ಹೆದ್ದಾರಿ ಮೇಲಿವೆ. ಕೋಯಿಕ್ಕೋಡ್‌ನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ಹಾದು ಕೊಳ್ಳೇಗಾಲ ಸೇರುವ 766. ಈ ರಸ್ತೆಯ ಅಪಘಾತ ನಮ್ಮ ಓದುಗರಿಗೆ ಹೊಸದಲ್ಲ. 2023ರ ಮೇ 29ರಂದು ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು-ಬಸ್ ಡಿಕ್ಕಿಯಾಗಿ 10 ಜನ ತೀರಿಕೊಂಡಿದ್ದು ಯಾರೂ ಮರೆತಿಲ್ಲ.

ದೊಡ್ಡ ಅಪಘಾತವಾದರೆ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ. ಮೋಸ ಹೋಗುವುದು ಚಿಕ್ಕ ಪೆಟ್ಟಿನಲ್ಲಿ. ಹೆಲ್ಮೆಟ್ ಇಲ್ಲದೆ ಬಿದ್ದವನು ಎದ್ದು ಕೂರುತ್ತಾನೆ, ನೀರು ಕುಡಿಯುತ್ತಾನೆ, ‘ಏನೂ ಆಗಿಲ್ಲ ಕಣಣ್ಣ’ ಅಂತ ಮನೆಗೆ ಹೋಗಿ ಮಲಗುತ್ತಾನೆ. ಒಳಗೆ ತಲೆಬುರುಡೆಗೆ ಅಂಟಿದ ರಕ್ತನಾಳ ಹರಿದು ರಕ್ತ ಸೇರುತ್ತಾ ಇರುತ್ತೆ. ಕೆಲವು ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ವಿಪರೀತ ಮಂಪರು ಶುರು.

ಬುರುಡೆ ಹಿಗ್ಗುವುದಿಲ್ಲ. ರಕ್ತ ಜಾಸ್ತಿಯಾದರೆ ಮಿದುಳೇ ಜಾಗ ಬಿಟ್ಟು ಕೆಳಗೆ ಸರಿಯಬೇಕು. ಹಾಗೆ ಸರಿದ ಮಿದುಳು ಒತ್ತುವುದು ಮೂರನೇ ನರವನ್ನು. ಪಾಪೆ ಬಿಗಿಯುವ ಎಳೆಗಳು ಆ ನರದ ಹೊರಮೈಯಲ್ಲೇ ಇರುವುದರಿಂದ ಮೊದಲ ಏಟು ಅವಕ್ಕೆ. ಬಿಗಿಯುವ ಆರ್ಡರ್ ನಿಂತರೆ ಆ ಬದಿಯ ಪಾಪೆ ಬಟಾಣಿಯಷ್ಟು ಅಗಲವಾಗಿ, ಟಾರ್ಚ್ ಬಿಟ್ಟರೂ ಕುಗ್ಗದೆ ನಿಲ್ಲುತ್ತೆ. ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟಿರುವುದೂ ಅದೇ ಬದಿಯಲ್ಲೇ. ಇನ್ನು ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು. ಅದಕ್ಕೇ ತಲೆಗೆ ಪೆಟ್ಟಾದವರನ್ನು ವಾರ್ಡಿನಲ್ಲಿ ಮಲಗಿಸಿಕೊಂಡು ನರ್ಸ್ ಪದೇ ಪದೇ ಬಂದು ಟಾರ್ಚ್ ಬಿಟ್ಟು ಬರೆದುಕೊಳ್ಳುವುದು. ‘ನಿದ್ದೆ ಮಾಡೋಕೂ ಬಿಡಲ್ಲ’ ಎಂದು ಬೈಯಬೇಡಿ.

ಇಲ್ಲೊಂದು ಎಚ್ಚರಿಕೆ. ಪಾಪೆ ದೊಡ್ಡದಾಗುವುದು ತಡವಾಗಿ ಬರುವ ಲಕ್ಷಣ. ‘ನಾವೇ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ವಿ, ಸರಿಯಾಗಿದೆ’ ಎಂದು ಮನೆಯಲ್ಲಿ ಕೂರುವುದು ತಪ್ಪು. ವಾಂತಿ, ಮಂಪರು, ತೊದಲು ಮಾತು ಇದ್ದರೆ ಪಾಪೆ ಹೇಗಿದ್ದರೂ ಹೊರಡಬೇಕು.

ಔಷಧಿ ವಿಷ: ರಾಗಿ ಕಾಳಿಗಿಂತ ಚಿಕ್ಕ ಪಾಪೆ

ನಾಲೆ ಬಯಲಿನಲ್ಲಿ ಭತ್ತಕ್ಕೆ, ಹತ್ತಿಗೆ, ತರಕಾರಿಗೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಜಾತಿ ಇದೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಹೆಸರು ರೈತರಿಗೂ ಔಷಧಿ ಅಂಗಡಿಯವರಿಗೂ ಗೊತ್ತು. ನರದ ತುದಿಯಿಂದ ಸ್ನಾಯುವಿಗೆ ಆರ್ಡರ್ ಮುಟ್ಟಿಸುವುದು ಅಸಿಟೈಲ್‌ಕೋಲೀನ್ ಎಂಬ ರಸಾಯನ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಿಹಾಕುವ ಕಿಣ್ವ ಒಂದಿದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತೆ. ಸ್ವಿಚ್ ಆಫ್ ಆಗುವುದೇ ಇಲ್ಲ. ಪಾಪೆ ಬಿಗಿದೇ ಬಿಗಿದು ರಾಗಿ ಕಾಳಿಗಿಂತ ಚಿಕ್ಕದಾಗುತ್ತೆ. ಜೊಲ್ಲು, ಬೆವರು, ವಾಂತಿ, ಭೇದಿ ನಿಲ್ಲದೆ ಬರುತ್ತೆ. ಶ್ವಾಸನಾಳದಲ್ಲಿ ಕಫ ತುಂಬಿ, ಉಸಿರಾಟದ ಸ್ನಾಯು ಸೋತು ಜೀವ ಹೋಗುತ್ತೆ.

ನಮ್ಮ ಪಕ್ಕದ ಜಿಲ್ಲೆ ಇದನ್ನು ಕಣ್ಣಾರೆ ಕಂಡಿದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಪ್ರಸಾದದಲ್ಲಿ ಬೆರೆಸಿದ್ದು ಮೊನೊಕ್ರೊಟೊಫಾಸ್. ಅಸ್ವಸ್ಥರನ್ನು ಕರೆತಂದಿದ್ದು ಮೈಸೂರಿನ ಆಸ್ಪತ್ರೆಗಳಿಗೇ. ಏನು ತಿಂದರು, ಯಾವ ವಿಷ ಎಂದು ಯಾರಿಗೂ ಗೊತ್ತಿರದ ಅಂಥ ಹೊತ್ತಿನಲ್ಲಿ ಲ್ಯಾಬ್ ವರದಿ ಬರುವ ತನಕ ಕಾಯಲಾಗದು. ಸೂಜಿಮೊನೆಯಂಥ ಪಾಪೆ, ಜೊಲ್ಲು, ಬೆವರು, ಕಫ ಒಟ್ಟಿಗೆ ಕಂಡರೆ ಅದು ಯಾವ ಜಾತಿಯ ವಿಷ ಎಂದು ವೈದ್ಯರು ಅಂದಾಜು ಮಾಡಿ ಚಿಕಿತ್ಸೆ ಶುರು ಮಾಡುತ್ತಾರೆ.

ಆ ಚಿಕಿತ್ಸೆಯ ಮುಖ್ಯ ಮದ್ದು ಅಟ್ರೋಪಿನ್. ಇದು ನಮ್ಮ ಊರಿಗೆ ಹತ್ತಿರದ ಕಥೆ. ಶಿವನಿಗೆ ಏರಿಸುವ ದತ್ತೂರಿ ಗಿಡ, ಉಮ್ಮತ್ತಿ ಅಂತಲೂ ಕರೆಯುತ್ತೇವಲ್ಲ, ಅದರಲ್ಲಿ ಅಟ್ರೋಪಿನ್ ಇದೆ. ಕೀಟನಾಶಕ ಆನ್ ಮಾಡಿಟ್ಟ ಸ್ವಿಚ್ಚಿಗೆ ಅಟ್ರೋಪಿನ್ ಅಡ್ಡ ನಿಲ್ಲುತ್ತೆ. ನಂಜು ನುಂಗಿದ ನಂಜುಂಡನಿಗೆ ಏರಿಸುವ ಗಿಡದಲ್ಲೇ ಇವತ್ತಿನ ನಂಜಿಗೆ ಮದ್ದಿನ ಅಂಶ ಇದೆ.

ಹಾಗಂತ ಯಾರೂ ದತ್ತೂರಿ ಅರೆದು ಕುಡಿಸಬಾರದು. ಗಿಡದಲ್ಲಿ ಮದ್ದಿನ ಪ್ರಮಾಣ ಎಷ್ಟಿದೆ ಎಂದು ಅಳೆಯಲಾಗದು, ಅದೇ ಇನ್ನೊಂದು ವಿಷವಾಗಿ ಪ್ರಾಣ ತೆಗೆಯುತ್ತೆ. ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಕಫ, ನಾಡಿ, ಬಿಪಿ, ಬೆವರು, ಪಾಪೆ ಎಲ್ಲ ನೋಡಿಕೊಂಡು ಡೋಸ್ ಏರಿಸುತ್ತಾರೆ.

ಇನ್ನೊಂದು ಮಾತು ಹೂವು ಬಿಡಿಸುವವರಿಗೆ, ಹೂವಿನ ಅಂಗಡಿಯವರಿಗೆ. ದತ್ತೂರಿ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ಒಂದು ಪಾಪೆ ದೊಡ್ಡದಾಗಿ, ಹತ್ತಿರದ್ದು ಮಂಜಾಗುತ್ತೆ. ತಲೆನೋವು, ಮಂಪರು ಏನೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ‘ದತ್ತೂರಿ ಬಿಡಿಸಿದ್ದೆ’ ಎಂದು ಒಂದು ಮಾತು ಹೇಳಿದರೆ ಎಷ್ಟೋ ಗಾಬರಿ ತಪ್ಪುತ್ತೆ. ಕಣ್ಣಿನ ಶಿಬಿರದಲ್ಲಿ ಹಾಕುವ ಪಾಪೆ ಅರಳಿಸುವ ಡ್ರಾಪ್ಸ್ ಮಾಡುವ ಕೆಲಸವೂ ಇದೇ. ಅವತ್ತು ಕೆಲವು ಗಂಟೆ ಬೈಕ್ ಓಡಿಸಬೇಡಿ, ಕಣ್ಣು ಕುಕ್ಕುತ್ತೆ.

ಹಾವು ಕಚ್ಚಿದಾಗ ಪಾಪೆ ಸುಳ್ಳು ಹೇಳಬಹುದು

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತೆ. ನೋವು, ಊತ ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋಲುತ್ತೆ, ಮಾತು ತೊದಲುತ್ತೆ, ಆಮೇಲೆ ಉಸಿರಾಟ ನಿಧಾನವಾಗುತ್ತೆ. ಇದರ ವಿಷ ನರದ ತುದಿಗಳನ್ನೇ ಕೆಡಿಸುತ್ತೆ. ಕೈಕಾಲು ಅಲುಗುವುದಿಲ್ಲ, ಕೆಲವರಲ್ಲಿ ಪಾಪೆಗಳೂ ದೊಡ್ಡದಾಗಿ ಟಾರ್ಚಿಗೆ ಕುಗ್ಗುವುದಿಲ್ಲ. ನೋಡಿದವರಿಗೆ ಸತ್ತಂತೆಯೇ ಕಾಣುತ್ತೆ. ಆದರೆ ಮಿದುಳು ಒಳಗೆ ಸರಿಯಾಗೇ ಇರಬಹುದು, ನಿಮ್ಮ ಮಾತು ಅವರಿಗೆ ಕೇಳಿಸುತ್ತಿರಬಹುದು. ಮಿದುಳು ಕಳಿಸಿದ ಆರ್ಡರ್ ಸ್ನಾಯುವಿಗೆ ಮುಟ್ಟುತ್ತಿಲ್ಲ, ಅಷ್ಟೇ.

ಹೀಗಾದವರಿಗೆ ಸಕಾಲದಲ್ಲಿ ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಸಿಕ್ಕಿ, ಕೆಲವು ದಿನ ವೆಂಟಿಲೇಟರ್ ಮೇಲೆ ಉಸಿರು ಕಾಪಾಡಿದರೆ ಎದ್ದು ಮನೆಗೆ ನಡೆದು ಹೋಗಬಲ್ಲರು. ಆದ್ದರಿಂದ ‘ಕಣ್ಣು ನಿಂತೋಯ್ತು, ಇನ್ನೇನಿಲ್ಲ’ ಎಂದು ದಾರಿಯಲ್ಲಿ ಗಾಡಿ ವಾಪಸ್ ತಿರುಗಿಸಬೇಡಿ. ತೀರ್ಮಾನ ಆಸ್ಪತ್ರೆಯಲ್ಲಿ ಆಗಲಿ.

ಹಾಗಾದರೆ ಮಿದುಳು ಸತ್ತಿದೆ ಎಂದು ಹೇಗೆ ಹೇಳ್ತಾರೆ?

2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾಗಿ, ಮನೆಯವರು ಅಂಗಾಂಗ ದಾನ ಮಾಡಿದಾಗ ಈ ಪ್ರಶ್ನೆ ಬಹಳ ಜನ ಕೇಳಿದರು. ಹೃದಯ ಬಡಿಯುತ್ತಿದೆಯಲ್ಲ, ಹೇಗೆ ಸತ್ತರು ಅಂತೀರಿ?

ಪಾಪೆಯ ದಾರಿ ಹಾದುಹೋಗುವ ಮಿದುಳಿನ ಕಾಂಡದಲ್ಲೇ ಉಸಿರಾಟದ ಕೇಂದ್ರವೂ ಇದೆ. ಕಾಂಡ ಪೂರ್ತಿ ಸತ್ತರೆ ಆ ಮನುಷ್ಯ ಇನ್ನೆಂದೂ ತಾನಾಗಿ ಉಸಿರಾಡುವುದಿಲ್ಲ, ಯಂತ್ರ ಉಸಿರಾಡಿಸುತ್ತಿರುತ್ತೆ. ಪಾಪೆ ಬೆಳಕಿಗೆ ಕುಗ್ಗುತ್ತಾ ಎಂಬುದು ಆ ಪರೀಕ್ಷೆಯಲ್ಲಿ ಒಂದು ಭಾಗ ಮಾತ್ರ. ಕೆಮ್ಮು, ರೆಪ್ಪೆ ಬಡಿತ, ಯಂತ್ರ ತೆಗೆದರೆ ಉಸಿರು ಬರುತ್ತಾ, ಎಲ್ಲ ನೋಡುತ್ತಾರೆ. ಹಾವಿನ ವಿಷ, ಕೀಟನಾಶಕ, ನಿದ್ದೆ ಮಾತ್ರೆ ಇಂಥವುಗಳಿಂದ ಹೀಗಾಗಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಒಬ್ಬ ಡಾಕ್ಟರ್ ಟಾರ್ಚ್ ಬಿಟ್ಟು ಹೇಳುವ ಮಾತಲ್ಲ ಅದು.

ನೀವು ಮಾಡಬೇಕಾದ್ದು

- ತಲೆಗೆ ಪೆಟ್ಟಾದವರನ್ನು ಕನಿಷ್ಠ ಒಂದು ದಿನ ಒಬ್ಬರೇ ಬಿಡಬೇಡಿ. ವಾಂತಿ, ಮಂಪರು, ಫಿಟ್ಸ್, ಒಂದು ಪಾಪೆ ದೊಡ್ಡದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಪೆಟ್ಟು ಬಿದ್ದ ಸಮಯ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ.
- ಔಷಧಿ ಕುಡಿದವರಿಗೆ ಉಪ್ಪುನೀರು, ಹುಣಸೆನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಟ್ಟೆ ತೆಗೆದು ಮೈ ತೊಳೆಯಿರಿ, ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ಔಷಧಿ ಬಾಟಲಿ ಜೊತೆಗೇ ಒಯ್ಯಿರಿ. ‘ಮಾನ ಹೋಗುತ್ತೆ’ ಎಂದು ಬಾಟಲಿ ಬಚ್ಚಿಟ್ಟರೆ ಹೋಗುವುದು ಜೀವ.
- ಔಷಧಿ ಹೊಡೆಯುವಾಗ ಕಣ್ಣು ಮಂಜಾಗಿ, ಬೆವರು ಜೊಲ್ಲು ಜಾಸ್ತಿಯಾದರೆ ಅದು ಬಿಸಿಲಿನ ಸುಸ್ತಲ್ಲದಿರಬಹುದು. ಪಂಪ್ ಇಳಿಸಿ, ಮೈ ತೊಳೆದು, ಆಸ್ಪತ್ರೆಗೆ ಹೋಗಿ.
- ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ.
- ಪೆಟ್ಟೇ ಇಲ್ಲದೆ ಇದ್ದಕ್ಕಿದ್ದಂತೆ ವಿಪರೀತ ತಲೆನೋವು, ರೆಪ್ಪೆ ಜೋತು, ಆ ಬದಿಯ ಪಾಪೆ ದೊಡ್ಡದಾದರೆ ನಾಳೆ ನೋಡೋಣ ಅನ್ನಬೇಡಿ. ಮಿದುಳಿನ ರಕ್ತನಾಳ ಉಬ್ಬಿ ನರ ಒತ್ತುತ್ತಿರಬಹುದು.
- ಮೊದಲಿನಿಂದಲೂ ಎರಡು ಪಾಪೆ ಕೊಂಚ ಹೆಚ್ಚುಕಮ್ಮಿ ಇದ್ದರೆ ಗಾಬರಿ ಬೇಡ. ಸುಮಾರು ಐದರಲ್ಲಿ ಒಬ್ಬರಿಗೆ ಹಾಗಿರುತ್ತೆ. ಪೊರೆ ಆಪರೇಷನ್ ಆದವರ ಪಾಪೆಯ ಆಕಾರವೂ ಬದಲಾಗಿರಬಹುದು. ಡಾಕ್ಟರ್ ಟಾರ್ಚ್ ಹಿಡಿಯುವ ಮೊದಲೇ ಇದನ್ನು ಹೇಳಿಬಿಡಿ.

ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋಗಿ, ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ದೃಷ್ಟಿ ಬಂತು, ಅದಕ್ಕೇ ಟಿಪ್ಪು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆ ಲಿಂಗ ಕೊಟ್ಟ ಎನ್ನುವ ಕಥೆ ನಂಜನಗೂಡಿನಲ್ಲಿ ಎಲ್ಲರಿಗೂ ಗೊತ್ತು. ಹರಕೆ ಹೊರುವುದನ್ನು ಯಾರೂ ಬೇಡ ಅನ್ನುವುದಿಲ್ಲ. ಆದರೆ ಮೊದಲು ಗಾಡಿ ಹತ್ತಿಸಿ, ಹರಕೆಯನ್ನು ದಾರಿಯಲ್ಲಿ ಹೊತ್ತುಕೊಳ್ಳಿ. ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆ ಏನು ಹೇಳಿತು ಅಂತ ಕೇಳಿ ತಿಳಿದುಕೊಳ್ಳಿ.